ಬೆಳಗ್ಗೆ ಇಳಿದು ರಾತ್ರಿ ಹೊರಡುವವರಿಗೆ ಬೆಂಗಳೂರು: ಹಸಿರು ಮಾರ್ಗವೋ, ನೇರಳೆ ಮಾರ್ಗವೋ?

ಹುಬ್ಬಳ್ಳಿಯಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದ ನಮ್ಮ ಬಂಧುಗಳು ಬೆಳಗಾಗುವ ಹೊತ್ತಿಗೆ ಬೆಂಗಳೂರಿನಲ್ಲಿ ಇಳಿಯುತ್ತಾರೆ. ಮದುವೆಗೋ, ಆಸ್ಪತ್ರೆಗೋ, ಮಗಳ ಕಾಲೇಜು ಸೀಟಿನ ಕೆಲಸಕ್ಕೋ ಬಂದಿರುತ್ತಾರೆ. ಕೆಲಸ ಮುಗಿದ ಮೇಲೆ ಒಂದು ದಿನ ಉಳಿಯುತ್ತದೆ, ಊರಿನ ರೈಲು ರಾತ್ರಿಗೆ. ಆಗ ಫೋನು ಬರುತ್ತದೆ: "ಇವತ್ತೊಂದಿನ ಖಾಲಿ ಅದೀವಿ, ಏನ್ ನೋಡೂಣು?" ವರ್ಷಕ್ಕೆ ನಾಲ್ಕೈದು ಸಲವಾದರೂ ಈ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳಿದ್ದನ್ನು ಈ ಸಲ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲು ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಚಿಕ್ಕಮ್ಮ, ಚಿಕ್ಕಪ್ಪ ಮತ್ತು ಅವರ ಇಬ್ಬರು ಮೊಮ್ಮಕ್ಕಳು ಬಂದಾಗ "ಎಂಟು ಗಂಟೆ, ಎಂಬತ್ತು ಕಿಲೋಮೀಟರ್" ಲೆಕ್ಕದಲ್ಲಿ ಒಂದು ಕಾರು ಮಾಡಿಕೊಟ್ಟೆ. ಇಸ್ಕಾನ್, ಬೆಂಗಳೂರು ಅರಮನೆ, ವಿಧಾನಸೌಧ, ಲಾಲ್‌ಬಾಗ್, ದೊಡ್ಡ ಬಸವಣ್ಣ, ಟಿಪ್ಪು ಅರಮನೆ, ಕೊನೆಗೆ ಬನ್ನೇರುಘಟ್ಟ, ಹೀಗೆ ಏಳು ಜಾಗ ಬರೆದುಕೊಟ್ಟಿದ್ದೆ. ನೋಡಲು ಆದದ್ದು ಮೂರು. ವಿಧಾನಸೌಧವನ್ನು ಸಿಗ್ನಲ್ಲಿನಲ್ಲಿ ನಿಂತಾಗ ಕಾರಿನ ಗಾಜಿನಿಂದ ನೋಡಿದರು. ದೊಡ್ಡ ಬಸವಣ್ಣನ ಗುಡಿಗೆ ಹೋದಾಗ ಮಧ್ಯಾಹ್ನದ ಬಾಗಿಲು ಹಾಕಿತ್ತು. ಬನ್ನೇರುಘಟ್ಟದ ರಸ್ತೆ ಹಿಡಿಯುವಷ್ಟರಲ್ಲಿ ನಾಲ್ಕು ದಾಟಿ, ಅರ್ಧ ದಾರಿಯಿಂದ ತಿರುಗಿದರು. ಚಿಕ್ಕಮ್ಮ ಬೇಸರ ಹೇಳಿಕೊಳ್ಳುವ ಜಾತಿಯಲ್ಲ. ಆದರೆ ಊರಿಗೆ ಹೋದ ಮೇಲೆ "ಬೆಂಗಳೂರಾಗ ಏನು ನೋಡಿದ್ರಿ" ಎಂದು ಯಾರೋ ಕೇಳಿದ್ದಕ್ಕೆ "ರಸ್ತೆ ನೋಡಿದ್ವಿ" ಅಂದರಂತೆ. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ, ಏಕೆಂದರೆ ಪಟ್ಟಿ ಬರೆದುಕೊಟ್ಟವನು ನಾನು.

ಅಂದಿನಿಂದ ನಾನು ಹೇಳುವುದು ಒಂದೇ ಮಾತು: ಒಂದು ದಿನಕ್ಕೆ ಊರಿನ ಒಂದು ಮಗ್ಗುಲು ಸಾಕು. ಮೆಜೆಸ್ಟಿಕ್‌ನಿಂದ ಮೆಟ್ರೊ ಹಿಡಿದರೆ ಹಸಿರು ಮಾರ್ಗದಲ್ಲಿ ದಕ್ಷಿಣಕ್ಕೆ ನಾಲ್ಕೇ ನಿಲ್ದಾಣ ದಾಟಿದರೆ ಲಾಲ್‌ಬಾಗ್. ನೇರಳೆ ಮಾರ್ಗದಲ್ಲಿ ಪೂರ್ವಕ್ಕೆ ನಾಲ್ಕೇ ನಿಲ್ದಾಣ ದಾಟಿದರೆ ಮಹಾತ್ಮ ಗಾಂಧಿ ರಸ್ತೆ. ಆ ಕಡೆ ಹಳೇ ಪೇಟೆ, ತೋಟ, ಗುಡಿ, ತಿಂಡಿ. ಈ ಕಡೆ ವಿಧಾನಸೌಧ, ಕಬ್ಬನ್ ಪಾರ್ಕ್, ಮ್ಯೂಸಿಯಂ, ಪುಸ್ತಕದಂಗಡಿ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಯಾವುದನ್ನು ಎಂಬುದು ನಿಮ್ಮ ಜೊತೆ ಯಾರಿದ್ದಾರೆ, ಅವತ್ತು ಯಾವ ವಾರ, ಮಳೆ ಹೇಗಿದೆ ಎಂಬುದರ ಮೇಲೆ ನಿಂತಿದೆ.

ವಾರ ನೋಡಿಕೊಂಡು ಹೊರಡಿ

ಊರಿಂದ ಬರುವವರು ಹೆಚ್ಚಾಗಿ ಎಡವುವುದು ಇಲ್ಲೇ. ಸೋಮವಾರವಾದರೆ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂ ಇಲ್ಲ, ನೆಹರು ತಾರಾಲಯವೂ ಇಲ್ಲ. ಲಾಲ್‌ಬಾಗ್ ರಸ್ತೆಯ ಎಂಟಿಆರ್ ಹೋಟೆಲಿಗೂ ಅವತ್ತೇ ರಜೆ. ಮಂಗಳವಾರ ಬನ್ನೇರುಘಟ್ಟದ ಉದ್ಯಾನಕ್ಕೆ ರಜೆ. ಶುಕ್ರವಾರ ಗಾಂಧಿ ಬಜಾರಿನ ದೋಸೆ ಹೋಟೆಲ್ ವಿದ್ಯಾರ್ಥಿ ಭವನ ತೆರೆಯುವುದಿಲ್ಲ. ಭಾನುವಾರ ಮೆಟ್ರೊ ಶುರುವಾಗುವುದೇ ಏಳು ಗಂಟೆಗೆ, ಪೇಟೆಯ ಹಲವು ಅಂಗಡಿಗಳೂ ಮುಚ್ಚಿರುತ್ತವೆ. ಆದರೆ ಭಾನುವಾರಕ್ಕೆ ಅದರದೇ ಭಾಗ್ಯವಿದೆ: ಕಬ್ಬನ್ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ, ಸಂಜೆ ವಿಧಾನಸೌಧಕ್ಕೆ ದೀಪ ಹಾಕುತ್ತಾರೆ. ಹಾಗಾಗಿ ಭಾನುವಾರ ಬಂದವರಿಗೆ ಹೆಚ್ಚು ಯೋಚಿಸದೆ ನೇರಳೆ ಮಾರ್ಗ ಹೇಳುತ್ತೇನೆ. ಸೋಮವಾರ ಬಂದವರಿಗೆ ಹಸಿರು.

ಇನ್ನೊಂದು ಗಡಿಯಾರ ದೇವರದು. ಬಸವನಗುಡಿ ಕಡೆಯ ಗುಡಿಗಳೆಲ್ಲ ಮಧ್ಯಾಹ್ನ ಬಾಗಿಲು ಹಾಕಿ ಸಂಜೆಗೆ ತೆರೆಯುತ್ತವೆ. ಹನ್ನೆರಡರೊಳಗೆ ದರ್ಶನ ಮುಗಿಸಬೇಕು, ಇಲ್ಲವೇ ಐದರ ಮೇಲೆ ಹೋಗಬೇಕು. ಚಿಕ್ಕಮ್ಮನವರ ದಿನ ಕೆಟ್ಟದ್ದು ನಾನು ಇದನ್ನು ಮರೆತದ್ದರಿಂದ.

ಬ್ಯಾಗುಗಳನ್ನು ರೈಲು ನಿಲ್ದಾಣದ ಕ್ಲೋಕ್ ರೂಮಿನಲ್ಲಿ ಇಟ್ಟುಬಿಡಿ. ಬೀಗ ಹಾಕದ ಬ್ಯಾಗನ್ನು ಅಲ್ಲಿ ಇಟ್ಟುಕೊಳ್ಳುವುದಿಲ್ಲ, ಊರಿಂದ ಬರುವಾಗಲೇ ಒಂದು ಸಣ್ಣ ಬೀಗ ತನ್ನಿ. ಟಿಕೆಟ್ಟು, ಗುರುತಿನ ಚೀಟಿ ಕೈಯಲ್ಲಿರಲಿ. ಹೆಣ್ಣುಮಕ್ಕಳು ಆಧಾರ್ ಕಾರ್ಡನ್ನು ಬ್ಯಾಗಿನಲ್ಲಿ ಬಿಟ್ಟು ಬರಬೇಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟ್ಟಿಗೆ ಹಣವಿಲ್ಲ, ಕಂಡಕ್ಟರಿಗೆ ವಿಳಾಸದ ಚೀಟಿ ತೋರಿಸಿ ಶೂನ್ಯ ದರದ ಟಿಕೆಟ್ ತೆಗೆದುಕೊಂಡರೆ ಸಾಕು. ಏಸಿ ಬಸ್ಸಿಗೆ ಅದು ನಡೆಯುವುದಿಲ್ಲ.

ಹಸಿರು ಮಾರ್ಗ: ಹೂವು, ಬಂಡೆ, ಬಸವ

ನನಗೆ ಆಯ್ಕೆ ಬಿಟ್ಟರೆ ಇದೇ. ಪಕ್ಷಪಾತ ಇದೆ ಎಂದುಕೊಳ್ಳಿ, ಮುಚ್ಚಿಡುವುದಿಲ್ಲ. ಬೆಂಗಳೂರು ಹುಟ್ಟಿದ್ದು ಈ ಕಡೆ. 1537ರಲ್ಲಿ ಕೆಂಪೇಗೌಡರು ದೊಡ್ಡಪೇಟೆ, ಚಿಕ್ಕಪೇಟೆ ಕೂಡುವ ಚೌಕದಿಂದ ನಾಲ್ಕು ದಿಕ್ಕಿಗೆ ನಾಲ್ಕು ಜೋಡಿ ಎತ್ತು ಕಟ್ಟಿ ನೇಗಿಲು ಹೊಡೆಸಿದರು, ಆ ಸಾಲುಗಳೇ ಊರಿನ ಬೀದಿಗಳಾದವು ಎಂದು ಹೇಳುತ್ತಾರೆ. ದೊಡ್ಡಪೇಟೆ ಈಗಿನ ಅವೆನ್ಯೂ ರಸ್ತೆ. ಅಕ್ಕಿಪೇಟೆ, ರಾಗಿಪೇಟೆ, ಅರಳೇಪೇಟೆ, ತರಗುಪೇಟೆ, ಬಳೇಪೇಟೆ ಎಂಬ ಹೆಸರು ಕೇಳಿದರೇ ಯಾವ ಬೀದಿಯಲ್ಲಿ ಯಾರು ಏನು ಮಾರುತ್ತಿದ್ದರು ಎಂದು ತಿಳಿಯುತ್ತದೆ.

ರೈಲು ಬೇಗ ಬಂದಿದ್ದರೆ, ಕಾಲಿಗೆ ಶಕ್ತಿಯಿದ್ದರೆ, ಮೊದಲು ಕೆ.ಆರ್. ಮಾರುಕಟ್ಟೆ ನಿಲ್ದಾಣದಲ್ಲಿ ಇಳಿಯಿರಿ. ಹೂವಿನ ಮಾರುಕಟ್ಟೆ ನೋಡುವುದಿದ್ದರೆ ಏಳರ ಆಸುಪಾಸು ಒಳಗಿರಬೇಕು, ಒಂಬತ್ತಕ್ಕೆ ಹೋದರೆ ಬುಟ್ಟಿಯ ತಳ ಕಾಣುತ್ತದೆ. ಮೇಲಿನ ಮಹಡಿಯ ಕಟಕಟೆಗೆ ಹೋಗಿ ಕೆಳಗೆ ನೋಡಿ. ಸೇವಂತಿಗೆಯ ಹಳದಿ ರಾಶಿ, ಪಕ್ಕದಲ್ಲಿ ಕನಕಾಂಬರ, ಒದ್ದೆ ಗೋಣಿಯ ಮೇಲೆ ಸುಗಂಧರಾಜ, ನಡುವೆ ತಲೆಯ ಮೇಲೆ ಮೂಟೆ ಹೊತ್ತು "ಸೈಡು, ಸೈಡು" ಎಂದು ಕೂಗುತ್ತಾ ನುಗ್ಗುವ ಹಮಾಲರು. ಮಲ್ಲಿಗೆ ಮಾರುವ ಹೆಂಗಸು ದಾರದ ತುದಿಯನ್ನು ಬೆರಳಿಗೆ ಸಿಕ್ಕಿಸಿ ಮೊಣಕೈವರೆಗೆ ಎಳೆದು ಒಂದು ಮೊಳ ಅಳೆಯುತ್ತಾಳೆ. ಎರಡನೆಯದಕ್ಕೆ ಕೈ ಚೂರು ಸಡಿಲ ಬಿಟ್ಟು ನಾಲ್ಕು ಹೂ ಹೆಚ್ಚೇ ಬರುವ ಹಾಗೆ ಎಳೆದು, ಹಲ್ಲಿನಿಂದ ದಾರ ಕತ್ತರಿಸಿ ಎಲೆಯಲ್ಲಿ ಸುತ್ತಿ ಕೊಡುತ್ತಾಳೆ. ಆ ಒಂದು ಗಳಿಗೆ ನೋಡಲೆಂದೇ ನಾನು ಇಲ್ಲಿಗೆ ಜನರನ್ನು ಕರೆತರುತ್ತೇನೆ. ನೆಲ ಸದಾ ಒದ್ದೆ, ಜಾರುತ್ತದೆ. ಮಂಡಿ ನೋವಿನವರನ್ನು, ಚಿಕ್ಕ ಮಕ್ಕಳನ್ನು ಇಲ್ಲಿಗೆ ತರಬೇಡಿ, ನೇರ ಲಾಲ್‌ಬಾಗಿಗೆ ಹೋಗಿ.

ಲಾಲ್‌ಬಾಗಿಗೆ ಮೆಟ್ರೊದಲ್ಲಿ ಬಂದವರು ಪಶ್ಚಿಮ ದ್ವಾರದಿಂದ ಒಳಹೊಕ್ಕು, ಗಾಜಿನ ಮನೆ ನೋಡಿ, ಬಂಡೆ ಹತ್ತಿ, ಮುಖ್ಯದ್ವಾರದಿಂದ ಹೊರಬರುವುದು ಒಳ್ಳೆಯದು. 1760ರಲ್ಲಿ ಹೈದರ್ ಅಲಿ ಶುರುಮಾಡಿದ ತೋಟ, ಟಿಪ್ಪು ಬೆಳೆಸಿದ್ದು, ಈಗ 240 ಎಕರೆ. ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಹಾಕಿದರು. ಸ್ವಾತಂತ್ರ್ಯೋತ್ಸವ, ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ನಡೆಯುವುದು ಇದರೊಳಗೇ. ಆ ದಿನಗಳಲ್ಲಿ ಬಂದಿದ್ದರೆ ಬೆಳಗ್ಗೆ ಬೇಗ ಹೋಗಿ, ಹತ್ತರ ಮೇಲೆ ಕಾಲಿಡಲು ಜಾಗವಿರುವುದಿಲ್ಲ.

ಬಂಡೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಬಹಳ ಜನ ಹೂ ನೋಡಿ ಇದನ್ನು ಬಿಟ್ಟು ಹೋಗುತ್ತಾರೆ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು ಅದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಬಗ್ಗಿ ನೋಡಿದರೆ ಬೂದು ಕಲ್ಲಿನೊಳಗೆ ಬಿಳಿ ಪಟ್ಟೆ, ಕಪ್ಪು ಪಟ್ಟೆ ಬಳುಕಿಕೊಂಡು ಹೋಗಿವೆ, ಹದವಾಗಿ ಕಲೆಸದ ಹಿಟ್ಟಿನ ಹಾಗೆ. ನೆಲದಾಳದ ಕಾವು, ಒತ್ತಡದಲ್ಲಿ ಕಲ್ಲು ಮೆತ್ತಗಾಗಿ ಮಡಚಿಕೊಂಡ ಗುರುತು ಅದು. ನನ್ನ ಅಣ್ಣನ ಮಗ ಏಳನೇ ಕ್ಲಾಸಿನಲ್ಲಿದ್ದಾಗ ಆ ಪಟ್ಟೆಯ ಮೇಲೆ ಬೆರಳಿಟ್ಟುಕೊಂಡು ತುದಿಯವರೆಗೆ ನಡೆದಿದ್ದ. ಕಲ್ಲಿನ ನೆತ್ತಿಯ ಮೇಲೆ ಕೆಂಪೇಗೌಡರ ಹೆಸರಿನ ಗೋಪುರವಿದೆ. ಇಂಥ ನಾಲ್ಕು ಗೋಪುರಗಳಿವೆ: ಇಲ್ಲೊಂದು, ಕೆಂಪಾಂಬುಧಿ ಕೆರೆಯ ಹತ್ತಿರ ಒಂದು, ಹಲಸೂರಿನಲ್ಲೊಂದು, ಮೇಖ್ರಿ ವೃತ್ತದ ಬಳಿ ಒಂದು. ಊರು ಇವುಗಳ ಆಚೆ ಎಷ್ಟು ದೂರ ಹೋಗಿದೆ ಎಂಬುದು ಈ ಬಂಡೆಯ ಮೇಲೆ ನಿಂತು ಸುತ್ತ ನೋಡಿದಾಗ ಕಣ್ಣಿಗೇ ಬೀಳುತ್ತದೆ. ಹತ್ತು ಗಂಟೆಯ ಮೇಲೆ ಕಲ್ಲು ಕಾಯುತ್ತದೆ, ನೆರಳಿಲ್ಲ. ಬೆಳಗಿನ ತಂಪಿನಲ್ಲೇ ಹತ್ತಿ. ಹತ್ತಲಾಗದ ಹಿರಿಯರಿಗೆ ತೋಟದೊಳಗೆ ಬ್ಯಾಟರಿ ಗಾಡಿ ಇದೆ.

ಮುಖ್ಯದ್ವಾರದ ಹತ್ತಿರ ಎಂಟಿಆರ್, 1924ರಿಂದ ನಡೆಯುತ್ತಿರುವ ಹೋಟೆಲ್. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ರವೆಯಲ್ಲಿ ಇಡ್ಲಿ ಮಾಡಲು ಶುರುಮಾಡಿದ್ದು ಇಲ್ಲೇ ಎನ್ನುತ್ತಾರೆ. ಆ ರವೆ ಇಡ್ಲಿ ತಿನ್ನಿ, ಜೊತೆಗೆ ಕೊಡುವ ಪುಟ್ಟ ಬಟ್ಟಲಿನ ತುಪ್ಪ ಬಿಡಬೇಡಿ. ಇಲ್ಲಿಂದ ಗಾಂಧಿ ಬಜಾರು ಎರಡೂವರೆ ಕಿಲೋಮೀಟರ್ ಆಸುಪಾಸು, ಆಟೊ ಹಿಡಿಯಿರಿ. ಇಲ್ಲಿ ಒಂದು ಪ್ರಶ್ನೆ ಬರುತ್ತದೆ: ಎಂಟಿಆರ್‌ನ ತಿಂಡಿಯೋ, ವಿದ್ಯಾರ್ಥಿ ಭವನದ ದೋಸೆಯೋ? ಒಂದೇ ಬೆಳಗ್ಗೆ ಎರಡೂ ಹೊಟ್ಟೆಗೆ ಭಾರ. ಕೂತು ನಿಧಾನಕ್ಕೆ ತಿನ್ನಬೇಕು, ಮನೆಯ ಹಿರಿಯರಿದ್ದಾರೆ ಎಂದರೆ ಎಂಟಿಆರ್. ಬೆಣ್ಣೆ ಸವರಿದ, ಹೊರಗೆ ಗರಿ ಒಳಗೆ ಮೆತ್ತಗಿನ ದಪ್ಪ ಮಸಾಲೆ ದೋಸೆ ತಿನ್ನಲೇಬೇಕು ಎಂಬ ಆಸೆ ಇದ್ದರೆ 1943ರ ವಿದ್ಯಾರ್ಥಿ ಭವನ. ಅಲ್ಲಿ ಮಾಣಿ ಹತ್ತಾರು ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಒಂದೇ ಕೈಯಲ್ಲಿ ಪೇರಿಸಿಕೊಂಡು ಬರುವುದನ್ನು ನೋಡಿ ಮಕ್ಕಳು ಬಾಯಿ ತೆರೆಯುತ್ತಾರೆ. ಶನಿವಾರ, ಭಾನುವಾರ ಕಾಯಬೇಕು. ಮಧ್ಯಾಹ್ನ ಕೆಲಹೊತ್ತು ಮುಚ್ಚಿರುತ್ತದೆ ಎಂಬುದೂ ನೆನಪಿರಲಿ. ಇವೆರಡರ ಗದ್ದಲವೂ ಬೇಡ ಎನ್ನುವವರು ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿನಲ್ಲಿ ನಿಂತುಕೊಂಡು ಇಡ್ಲಿ, ವಡೆ ತಿನ್ನಬಹುದು. ಸಾಂಬಾರು ಇಲ್ಲ, ಚಟ್ನಿ ಮಾತ್ರ, ಕೇಳಿದಷ್ಟು ಹಾಕುತ್ತಾರೆ.

ತಿಂಡಿ ಮುಗಿಸಿ ದೊಡ್ಡ ಬಸವಣ್ಣನ ಗುಡಿಗೆ ಹನ್ನೊಂದಕ್ಕೆ ತಲುಪಿದರೆ ಸರಿಯಾದ ಹೊತ್ತು. ಒಂದೇ ಕಲ್ಲಿನಲ್ಲಿ ಕಡೆದ ಬಸವ, ಸುಮಾರು ಹದಿನೈದು ಅಡಿ ಎತ್ತರ. ತಲೆತಲಾಂತರದಿಂದ ಎಣ್ಣೆ ಹಚ್ಚಿ ಹಚ್ಚಿ ಕರ್ರಗೆ ಹೊಳೆಯುತ್ತಾನೆ. ಇಲ್ಲಿ ಸುಂಕೇನಹಳ್ಳಿಯ ರೈತರು ಕಡಲೆಕಾಯಿ ಬೆಳೆಯುತ್ತಿದ್ದಾಗ ಹೋರಿಯೊಂದು ಬಂದು ಬೆಳೆ ಮೇಯುತ್ತಿತ್ತು, ಅದನ್ನು ಸಮಾಧಾನ ಮಾಡಲೆಂದು ಗುಡಿ ಕಟ್ಟಿ ಮೊದಲ ಬೆಳೆಯನ್ನು ಅರ್ಪಿಸುವ ಪದ್ಧತಿ ಬಂತು ಎಂಬುದು ಕಥೆ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ಈಗಲೂ ನಡೆಯುತ್ತದೆ. ಆ ವಾರ ನಿಮ್ಮ ರೈಲು ಬೆಂಗಳೂರಿಗೆ ಬಂದರೆ ಬೇರೇನೂ ಬೇಡ, ಇಡೀ ದಿನ ಇಲ್ಲೇ ಕಳೆಯಿರಿ. ಹಸಿ, ಹುರಿದ, ಬೇಯಿಸಿದ ಕಾಯಿಯ ರಾಶಿ ರಸ್ತೆಯ ಎರಡೂ ಬದಿ ಸಾಲುಗಟ್ಟಿರುತ್ತದೆ. ಪಕ್ಕದಲ್ಲೇ ದೊಡ್ಡ ಗಣಪತಿ, ಹಿಂದೆ ಕಹಳೆ ಬಂಡೆಯ ಉದ್ಯಾನ. ಗವಿ ಗಂಗಾಧರೇಶ್ವರ ಇಲ್ಲಿಂದ ಹತ್ತಿರ. ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುವ ಗುಡಿ ಅದು. ಅಂಗಳದ ದೊಡ್ಡ ಕಲ್ಲಿನ ತಟ್ಟೆಗಳಾದ ಸೂರ್ಯಪಾನ, ಚಂದ್ರಪಾನಗಳನ್ನು ನೋಡಲಾದರೂ ಹೋಗಬೇಕು. ಪ್ರದಕ್ಷಿಣೆಯ ದಾರಿ ಗವಿಯೊಳಗೆ ತಗ್ಗಾಗಿದೆ, ಸೊಂಟ ನೋವಿನವರು ಹೊರಗೇ ಕೈಮುಗಿಯುವುದು ವಾಸಿ.

ಮಧ್ಯಾಹ್ನದ ಊಟದ ನಂತರ ಮೂರು ಗಂಟೆಗೆ ಟಿಪ್ಪುವಿನ ಬೇಸಿಗೆ ಅರಮನೆ. ಹೈದರ್ 1781ರಲ್ಲಿ ಶುರುಮಾಡಿ ಟಿಪ್ಪು 1791ರಲ್ಲಿ ಮುಗಿಸಿದ ತೇಗದ ಮನೆ. ಅರಮನೆ ಎಂಬ ಹೆಸರು ಕೇಳಿ ಮೈಸೂರಿನಂಥದ್ದನ್ನು ನಿರೀಕ್ಷಿಸಿದವರಿಗೆ ಇದು ಚಿಕ್ಕದೆನಿಸುತ್ತದೆ. ಮುಕ್ಕಾಲು ಗಂಟೆ ಸಾಕು. ಆದರೆ ಮರದ ಕಂಬಗಳ ನಡುವೆ ಮಧ್ಯಾಹ್ನದ ಗಾಳಿ ಹಾಯುವುದನ್ನು ಅನುಭವಿಸಲು ಬಿಸಿಲು ಹೊತ್ತೇ ಸರಿ. ಪಕ್ಕದಲ್ಲಿ ಒಡೆಯರ ಕಾಲದ ಕೋಟೆ ವೆಂಕಟರಮಣ ಗುಡಿ, ಸ್ವಲ್ಪ ಮುಂದೆ 1791ರಲ್ಲಿ ಕಾರ್ನ್‌ವಾಲಿಸನ ಸೇನೆ ಹಿಡಿದ ಕೋಟೆಯಲ್ಲಿ ಉಳಿದಿರುವ ದೆಹಲಿ ಬಾಗಿಲು. ಸೀರೆ ತೆಗೆಯುವ ಮನಸ್ಸಿದ್ದರೆ ಇಲ್ಲಿಂದ ಚಿಕ್ಕಪೇಟೆಗೆ ನಡೆದೇ ಹೋಗಬಹುದು. ತಬಲಾ, ಹಾರ್ಮೋನಿಯಂ ಬೇಕಿದ್ದವರಿಗೆ ಬಳೇಪೇಟೆ. ಸಂಜೆ ಹೊಟ್ಟೆಗೆ ಜಾಗವಿದ್ದರೆ ನ್ಯಾಷನಲ್ ಕಾಲೇಜು ನಿಲ್ದಾಣದ ಹತ್ತಿರ ವಿ.ವಿ. ಪುರದ ತಿಂಡಿ ಬೀದಿ ಇದೆ. ಅವರೆಕಾಯಿ ಕಾಲದಲ್ಲಿ ಹೋದರೆ ಅವರೆಬೇಳೆ ದೋಸೆ ಸಿಗುತ್ತದೆ.

ಈ ಮಾರ್ಗದ ಕುಂದುಗಳನ್ನೂ ಹೇಳಬೇಕು. ಬಿಸಿಲಲ್ಲಿ, ಜನರ ನಡುವೆ ನಡಿಗೆ ಬಹಳ. ಪೇಟೆಯಲ್ಲಿ ಶುಚಿಯಾದ ಶೌಚಾಲಯ ಹುಡುಕುವುದು ಹೆಂಗಸರಿಗೆ ನಿಜವಾದ ಕಷ್ಟ, ಲಾಲ್‌ಬಾಗಿನಲ್ಲೋ ಊಟದ ಹೋಟೆಲಿನಲ್ಲೋ ಮುಗಿಸಿಕೊಂಡು ಮುಂದೆ ಹೋಗಿ. ಜೋರು ಮಳೆ ಬಂದರೆ ಅರ್ಧ ದಿನ ಹೋಯಿತೆಂದೇ ಲೆಕ್ಕ.

ನೇರಳೆ ಮಾರ್ಗ: ಕಲ್ಲಿನ ಸೌಧ, ಕೆಂಪು ಕಟ್ಟಡ, ಮಕ್ಕಳ ಮ್ಯೂಸಿಯಂ

ವಿಧಾನಸೌಧ ನಿಲ್ದಾಣದಲ್ಲಿ ಇಳಿದರೆ ಎದುರಿಗೇ ಇದೆ. 1951ರಲ್ಲಿ ನೆಹರು ಅಡಿಗಲ್ಲು ಹಾಕಿದರು, ಕೆಂಗಲ್ ಹನುಮಂತಯ್ಯನವರ ಹಟದಿಂದ ಕಟ್ಟಡ ಈ ರೂಪಕ್ಕೆ ಬಂತು, 1956ಕ್ಕೆ ಮುಗಿಯಿತು. ಮುಖದ ಮೇಲೆ "ಸರ್ಕಾರದ ಕೆಲಸ ದೇವರ ಕೆಲಸ" ಎಂದು ಕೆತ್ತಿದೆ. ತೀರ ಇತ್ತೀಚಿನವರೆಗೆ ಜನಸಾಮಾನ್ಯರು ಬೇಲಿಯಾಚೆಯಿಂದ ಫೋಟೊ ತೆಗೆದುಕೊಂಡು ಹೋಗಬೇಕಿತ್ತು. 2025ರಿಂದ ಭಾನುವಾರ ಮತ್ತು ಎರಡನೇ, ನಾಲ್ಕನೇ ಶನಿವಾರ ಮಾರ್ಗದರ್ಶಿಯ ಜೊತೆ ಒಳಗೆ ಕರೆದೊಯ್ಯುವ ವ್ಯವಸ್ಥೆ ಶುರುವಾಗಿದೆ, ಮುಂಚೆ ಆನ್‌ಲೈನ್‌ನಲ್ಲಿ ಟಿಕೆಟ್ ಮಾಡಿಸಬೇಕು. ಊರಿಂದ ಬಂದ ನಮ್ಮವರು, ತಾವು ಮತ ಹಾಕಿ ಕಳಿಸಿದವರು ಕೂರುವ ಮನೆಯ ಮೆಟ್ಟಿಲು ಹತ್ತುವುದು ನನಗೆ ಬಹಳ ಸಂತೋಷದ ವಿಷಯ. ದಿನ ಹೊಂದಿದರೆ ತಪ್ಪಿಸಬೇಡಿ.

ರಸ್ತೆಯಾಚೆ ಕೆಂಪು ಬಣ್ಣದ ಹೈಕೋರ್ಟು. 1868ರ ಆ ಕಟ್ಟಡದಲ್ಲಿ ಹದಿನೆಂಟು ಇಲಾಖೆಗಳಿದ್ದುದರಿಂದ ಅಠಾರಾ ಕಚೇರಿ ಎಂಬ ಹೆಸರು. ಅದರ ಹಿಂದೆ ಕಬ್ಬನ್ ಪಾರ್ಕ್, 1870ರದು. ಬಿದಿರು ಮೆಳೆಗಳ ಕೆಳಗೆ ನಡೆದು, 1915ರ ಕೆಂಪು ಗ್ರಂಥಾಲಯ ನೋಡಿಕೊಂಡು ಕಸ್ತೂರಬಾ ರಸ್ತೆಗೆ ಬಂದರೆ ಸರ್ಕಾರಿ ಮ್ಯೂಸಿಯಂ, ವೆಂಕಟಪ್ಪ ಕಲಾ ಗ್ಯಾಲರಿ, ವಿಶ್ವೇಶ್ವರಯ್ಯ ಮ್ಯೂಸಿಯಂ ಒಂದೇ ಸಾಲಿನಲ್ಲಿವೆ.

ಸರ್ಕಾರಿ ಮ್ಯೂಸಿಯಂ ಹಳೇ ಕಟ್ಟಡ, ದುರಸ್ತಿಗೆ ಬಾಗಿಲು ಹಾಕುವುದುಂಟು. ತೆರೆದಿದೆಯೇ ಎಂದು ಮುಂಚೆಯೇ ಕೇಳಿಕೊಂಡು ಹೋಗಿ. ತೆರೆದಿದ್ದರೆ ಅಲ್ಲಿ ಆತಕೂರಿನ ಕಲ್ಲನ್ನು ಹುಡುಕಿ. ಹತ್ತನೇ ಶತಮಾನದ ನಡುವಿನ ಕನ್ನಡ ಶಾಸನ. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯ ಸತ್ತ ಮೇಲೆ, ಗಂಗರ ಬೂತುಗ ತನ್ನ ವೀರ ಮಣಲೇರನಿಗೆ "ಏನು ಬೇಕು ಕೇಳು" ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಕಲ್ಲನ್ನು ಪೂಜಿಸದೆ ಗೊರವ, ಅಂದರೆ ಶಿವನ ಪೂಜಾರಿ, ಉಣ್ಣಬಾರದೆಂದು ಬರೆಸಿದ್ದಾರೆ. ಕಲ್ಲಿನ ಮೇಲ್ಗಡೆ ನಾಯಿ, ಹಂದಿ ಒಂದನ್ನೊಂದು ಕಚ್ಚಿ ಹಿಡಿದಿರುವ ಚಿತ್ರವಿದೆ. ಸಾಲುಗಳ ನಡುವೆ ಆ ಜಾಗ ಬಿಟ್ಟು ಅಕ್ಷರ ಕೆತ್ತಿರುವುದನ್ನು ಗಮನಿಸಿ. ಮಕ್ಕಳಿಗೆ ಈ ಕಥೆ ಹೇಳಿ ಕಲ್ಲಿನ ಮುಂದೆ ನಿಲ್ಲಿಸಿದರೆ ಉಳಿದ ಮ್ಯೂಸಿಯಮ್ಮನ್ನು ಅವರೇ ನಿಮಗೆ ತೋರಿಸುತ್ತಾರೆ.

ವಿಶ್ವೇಶ್ವರಯ್ಯ ಮ್ಯೂಸಿಯಂ ಸೋಮವಾರವೂ ತೆರೆದಿರುತ್ತದೆ. 1962ರಲ್ಲಿ ಆರಂಭವಾಯಿತು. ಬಟನ್ ಒತ್ತಿದರೆ ತಿರುಗುವ ಯಂತ್ರಗಳು, ಎಂಜಿನ್‌ಗಳ ಹಾಲು, ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಮಾದರಿ, ಕತ್ತು ಆಡಿಸುವ ಡೈನೋಸಾರ್. ಎಂಟರಿಂದ ಹದಿನಾಲ್ಕು ವಯಸ್ಸಿನ ಮಕ್ಕಳಿದ್ದರೆ ಮೂರು ಗಂಟೆ ಇಲ್ಲೇ ಕಳೆದುಹೋಗುತ್ತದೆ. ಚಿಕ್ಕ ಮಕ್ಕಳಿಗೆ ಬಾಲಭವನದ ಪುಟಾಣಿ ರೈಲು. ತಾರಾಲಯದಲ್ಲಿ ಕನ್ನಡದ ಪ್ರದರ್ಶನ ಯಾವ ಹೊತ್ತಿಗೆ ಎಂದು ಕೇಳಿಕೊಂಡು ಹೋಗಿ. ಅಜ್ಜಿ, ಮೊಮ್ಮಗ ಇಬ್ಬರೂ ಒಂದೇ ಕಡೆ ತಲೆಯೆತ್ತಿ ಕನ್ನಡದಲ್ಲಿ ಆಕಾಶ ಕೇಳುವುದು ಅಲ್ಲಿ.

ಸಂಜೆ ಎಂ.ಜಿ. ರಸ್ತೆ, ಚರ್ಚ್ ಸ್ಟ್ರೀಟ್. ಹಳೇ ಪುಸ್ತಕದಂಗಡಿಗಳು ಇಲ್ಲಿವೆ, ಇಂಡಿಯಾ ಕಾಫಿ ಹೌಸ್ ಇದೆ. ಊಟ, ತಿಂಡಿಯ ವಿಷಯದಲ್ಲಿ ಈ ಮಗ್ಗುಲು ಹಸಿರು ಮಾರ್ಗದ ಎದುರು ನಿಲ್ಲುವುದಿಲ್ಲ, ಖರ್ಚೂ ಹೆಚ್ಚು. ನಾಲ್ಕು ಜನರಿದ್ದರೆ ಬುತ್ತಿ ಕಟ್ಟಿಕೊಂಡು ಬನ್ನಿ. ಕಬ್ಬನ್ ಪಾರ್ಕಿನ ಮರದ ಕೆಳಗೆ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದ ದಿನವನ್ನು ನಮ್ಮ ಅತ್ತೆ ಈಗಲೂ ಹೇಳುತ್ತಾರೆ.

ಬನ್ನೇರುಘಟ್ಟ ಮತ್ತು ಕಾರಿನ ಪ್ಯಾಕೇಜು

ಬನ್ನೇರುಘಟ್ಟ ಊರಿನಿಂದ ಸುಮಾರು 22 ಕಿಲೋಮೀಟರ್. ಮೆಜೆಸ್ಟಿಕ್‌ನಿಂದ 365ರ ಬಸ್ಸುಗಳು ಹೋಗುತ್ತವೆ. ಹೋಗಿಬರುವುದಕ್ಕೇ ಮೂರು ಗಂಟೆ, ಸಫಾರಿ, ಮೃಗಾಲಯ, ಚಿಟ್ಟೆ ಉದ್ಯಾನಕ್ಕೆ ನಾಲ್ಕೈದು. ಐದಾರು ವಯಸ್ಸಿನ ಮಕ್ಕಳು ಹುಲಿ ನೋಡಬೇಕೆಂದು ಕುಳಿತಿದ್ದರೆ ಖಂಡಿತ ಹೋಗಿ, ಆದರೆ ಆ ದಿನಕ್ಕೆ ಬೇರೇನನ್ನೂ ಸೇರಿಸಬೇಡಿ. ಮೈಸೂರು ಅಥವಾ ಶಿವಮೊಗ್ಗದ ಮೃಗಾಲಯ ನೋಡಿದ ಮಕ್ಕಳಾದರೆ ನಾನು ಇದನ್ನು ಬಿಡುತ್ತೇನೆ.

ಕಾರು ಮಾಡಿಕೊಳ್ಳಲೇಬಾರದೇ? ಗಾಲಿಕುರ್ಚಿ ಬೇಕಾದವರಿದ್ದರೆ, ಆಸ್ಪತ್ರೆಯಿಂದ ಆಗತಾನೆ ಹೊರಬಂದವರಿದ್ದರೆ ಕಾರೇ ಸರಿ. ಆಗಲೂ ಮೂರೇ ಜಾಗ ಇಟ್ಟುಕೊಳ್ಳಿ, ಮೂರೂ ಒಂದೇ ಮಗ್ಗುಲಲ್ಲಿರಲಿ. ದಿನವಿಡೀ ಸುತ್ತಿಸುವ ಬಸ್ಸುಗಳಲ್ಲಿ ಟಿಕೆಟ್ಟಿನ ಹಣ ಉಳಿಯುತ್ತದೆ, ಆದರೆ ಆತಕೂರಿನ ಕಲ್ಲಿನ ಮುಂದೆ ಹದಿನೈದು ನಿಮಿಷ ನಿಲ್ಲಲು ಯಾರೂ ಬಿಡುವುದಿಲ್ಲ. ಮೆಟ್ರೊ ದರ 2025ರ ಫೆಬ್ರವರಿಯಲ್ಲಿ ಏರಿತು, ನಿಜ. ಆದರೂ ಮೂರು-ನಾಲ್ಕು ಜನರ ಇಡೀ ದಿನದ ಮೆಟ್ರೊ, ಆಟೊ ಖರ್ಚು ಕಾರಿನ ಪ್ಯಾಕೇಜಿನ ಹತ್ತಿರಕ್ಕೂ ಬರುವುದಿಲ್ಲ.

ಹಾಗಾದರೆ ನಿಮಗೆ ಯಾವುದು?

ಅಪ್ಪ, ಅಮ್ಮ ಮೊದಲ ಸಲ ಬಂದಿದ್ದಾರೆ, ಗುಡಿಗೆ ಹೋಗುವ ಮನಸ್ಸು, ನಡೆಯುವ ಶಕ್ತಿ ಇದೆ: ಹಸಿರು ಮಾರ್ಗ, ಆದರೆ ಹೂವಿನ ಮಾರುಕಟ್ಟೆ ಬಿಟ್ಟು ಲಾಲ್‌ಬಾಗಿನಿಂದ ಶುರುಮಾಡಿ. ಶಾಲೆಗೆ ಹೋಗುವ ಮಕ್ಕಳು ಜೊತೆಗಿದ್ದಾರೆ: ನೇರಳೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬೆಂಗಳೂರಿನ ಮಳೆ ಮಧ್ಯಾಹ್ನದ ಮೇಲೆ ಬರುವುದು ಹೆಚ್ಚು, ಆಗ ಬೆಳಗ್ಗೆ ಲಾಲ್‌ಬಾಗ್, ತಿಂಡಿ ಮುಗಿಸಿ ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಿಸಿ ಮಧ್ಯಾಹ್ನಕ್ಕೆ ಮ್ಯೂಸಿಯಂ ಸೇರಿಕೊಳ್ಳಿ. ಎರಡು ಮಗ್ಗುಲನ್ನು ಬೆರೆಸಲು ನಾನು ಒಪ್ಪುವುದು ಈ ಒಂದು ಸಂದರ್ಭದಲ್ಲಿ ಮಾತ್ರ. ಸೀರೆ ತೆಗೆಯುವುದೇ ಮುಖ್ಯ ಕೆಲಸವಾದರೆ ಚಿಕ್ಕಪೇಟೆಗೆ ಬೆಳಗ್ಗೆ ಹನ್ನೊಂದಕ್ಕೆ ಹೋಗಿ, ಗುಡಿಗಳನ್ನು ಸಂಜೆಗೆ ಇಟ್ಟುಕೊಳ್ಳಿ. ಕಾಲೇಜು ಹುಡುಗ ಹುಡುಗಿಯರು ತಾವೇ ಬಂದಿದ್ದರೆ ಹೂವಿನ ಮಾರುಕಟ್ಟೆಯಿಂದ ತಿಂಡಿ ಬೀದಿಯವರೆಗೆ ಹಸಿರು ಮಾರ್ಗವನ್ನು ಪೂರ್ತಿ ನಡೆಯಿರಿ, ನಿಮ್ಮ ಕಾಲಿಗೆ ಅದು ಸಾಧ್ಯ.

ಹೋದ ವರ್ಷ ಚಿಕ್ಕಮ್ಮ ಮತ್ತೆ ಬಂದಿದ್ದರು, ಕಣ್ಣಿನ ಪರೀಕ್ಷೆಗೆ. ಈ ಸಲ ಕಾರು ಮಾಡಲಿಲ್ಲ. ಲಾಲ್‌ಬಾಗ್, ರವೆ ಇಡ್ಲಿ, ದೊಡ್ಡ ಬಸವಣ್ಣ, ಗಾಂಧಿ ಬಜಾರು, ಅಷ್ಟೇ. ಗಾಂಧಿ ಬಜಾರಿನಲ್ಲಿ ಎರಡು ಮೊಳ ಮಲ್ಲಿಗೆ, ಒಂದು ಕಟ್ಟು ಬಾಳೆಎಲೆ ತೆಗೆದುಕೊಂಡರು. ಎಲೆ ಊರಲ್ಲೂ ಸಿಗುತ್ತದೆ ಎಂದರೂ ಕೇಳಲಿಲ್ಲ. ಆರೂವರೆಗೆ ಮೆಜೆಸ್ಟಿಕ್ ತಲುಪಿದೆವು. ಸಂಜೆ ಕ್ಲೋಕ್ ರೂಮಿನ ಮುಂದೆ ಸಾಲು ಇರುತ್ತದೆ, ಬ್ಯಾಗು ಬಿಡಿಸಿಕೊಳ್ಳಲು ಅರ್ಧ ಗಂಟೆ ಬೇಕಾಯಿತು. ಆಮೇಲೆ ಪ್ಲಾಟ್‌ಫಾರಮ್ಮಿನ ಬೆಂಚಿನಲ್ಲಿ ಕೂತು ಆ ಬಾಳೆಎಲೆಯಲ್ಲೊಂದನ್ನು ಹರಿದು, ನನಗೂ ಹಾಕಿ, ತಂದಿದ್ದ ಚಪಾತಿ ಬಡಿಸಿದರು.